ಸ್ವಂತ ಊರಿನ ಮೈಕಿನ ಮುಂದೆ

‘ಮುಕ್ತ’ ಎನ್ನುವ ಮಾತು ಕಿವಿಗೆ ಬಿದ್ದಾಗ ದಲಿತನಾದವನು ಮೊದಲು ಕೇಳಬೇಕಾದ್ದು, ಮುಕ್ತ ಮಾಡಿದವರು ಯಾರು ಮತ್ತು ಎಲ್ಲಿ ಬರೆದು ಮುಕ್ತ ಮಾಡಿದರು ಎಂಬುದನ್ನ. 1923ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆಯವರು ತಂದ ನಿರ್ಣಯದ ಪ್ರಕಾರ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೆ ಮುಕ್ತವಾದವು. ಮರುವರ್ಷ ಮಹಾಡದ ಪುರಸಭೆ ತನ್ನ ಚವದಾರ್ ಕೆರೆಯೂ ಮುಕ್ತ ಎಂದು ಠರಾವು ಮಾಡಿತು. ಕಾಗದದ ಮೇಲೆ ಮುಕ್ತವಾಗಿದ್ದ ಆ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಲು 1927ರ ಮಾರ್ಚ್ 20ರ ತನಕ ಕಾಯಬೇಕಾಯಿತು. ಎತ್ತಿ ಕುಡಿದದ್ದಕ್ಕೆ ಪೆಟ್ಟು ತಿನ್ನಬೇಕಾಯಿತು. ಸವರ್ಣರು ಗಂಜಲ ಸಗಣಿ ಸುರಿದು ಕೆರೆಯನ್ನು ‘ಶುದ್ಧ’ ಮಾಡಿಕೊಂಡರು. ನ್ಯಾಯಾಲಯದ ಕೊನೆಯ ತೀರ್ಪು ನಮ್ಮ ಪರವಾಗಿ ಬರುವ ಹೊತ್ತಿಗೆ 1937 ಆಗಿತ್ತು. ನಿರ್ಣಯಕ್ಕೂ ನೀರಿಗೂ ನಡುವೆ ಇರುವ ಈ ದೂರವನ್ನು ಅಳೆಯುವುದೇ ದಲಿತ ವಿಮರ್ಶೆಯ ಕೆಲಸ ಎಂದು ನಾನು ತಿಳಿದಿದ್ದೇನೆ.

ಹೀಗಿರುವಾಗ ಚಾಮರಾಜನಗರ ಜಿಲ್ಲೆಯ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಒಂದಷ್ಟು ಹುಡುಗರು ಸೇರಿ ‘ಓಪನ್ ಮೈಕ್’ ಅಂತ ಶುರುಮಾಡಿ, ಯಾರು ಬೇಕಾದರೂ ಬಂದು ಹಾಡಬಹುದು, ಓದಬಹುದು, ನಗಿಸಬಹುದು ಎಂದು ವಾಟ್ಸಪ್ಪಿನಲ್ಲಿ ಸಾರಿದಾಗ ನನಗೆ ಮಹಾಡ ನೆನಪಾಯಿತು. ಇದು ಅತಿಯಾಯಿತು ಅಂತ ಗೆಳೆಯರು ಅಂದರು. ಕೆರೆ ಎಲ್ಲಿ, ಮೈಕು ಎಲ್ಲಿ? ನೀರಿಲ್ಲದೆ ಸಾಯುತ್ತಾರೆ, ಮೈಕಿಲ್ಲದೆ ಯಾರೂ ಸಾಯುವುದಿಲ್ಲವಲ್ಲ, ಅನ್ನುವುದು ಅವರ ವಾದ. ಅತಿಯಲ್ಲ ಎನ್ನುವುದಕ್ಕೆ ನನ್ನ ಕಾರಣಗಳನ್ನು ಬರೆಯುತ್ತೇನೆ.

ಮೊದಲು ಈ ಓಪನ್ ಮೈಕ್ ಅಂದರೇನು ಎಂಬುದನ್ನು ಹೇಳಿಬಿಡಬೇಕು. ಹಳೆಯ ಸಂಗಾತಿಗಳಿಗೆ ಇದು ಹೊಸ ಮಾತು. ಆಹ್ವಾನ ಪತ್ರಿಕೆ ಇಲ್ಲ, ಅಧ್ಯಕ್ಷತೆ ಇಲ್ಲ, ಹಾರ ತುರಾಯಿ ಇಲ್ಲ. ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿರುತ್ತಾರೆ, ಹೆಸರು ಬರೆಸಬೇಕು. ಸರದಿ ಬಂದಾಗ ಹೋಗಿ ಐದು ನಿಮಿಷ ಏನಾದರೂ ಮಾಡಬೇಕು. ಈ ರೂಢಿ ಅಮೆರಿಕದ್ದು. ನ್ಯೂಯಾರ್ಕಿನಲ್ಲಿ ಪೋರ್ಟೊರಿಕೊ ಮೂಲದ ಬಡ ವಲಸಿಗ ಕವಿಗಳು ಎಪ್ಪತ್ತರ ದಶಕದ ಮೊದಲಲ್ಲಿ ಮಿಗೆಲ್ ಆಲ್ಗರಿನ್ ಅವರ ಮನೆಯ ಹಜಾರದಲ್ಲಿ ಸೇರಿ ಓದಲು ತೊಡಗಿ, ಅದೇ ಮುಂದೆ ನ್ಯೂಯೊರಿಕನ್ ಪೊಯೆಟ್ಸ್ ಕೆಫೆ ಆಯಿತು. ಎಂಬತ್ತರ ದಶಕದಲ್ಲಿ ಶಿಕಾಗೊದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಎಂಬ ಕವಿ, ಹೆಂಡದಂಗಡಿಯಲ್ಲಿ ಕವಿತೆ ಓದಿ ಕೇಳುಗರಿಂದಲೇ ಅಂಕ ಹಾಕಿಸುವ ಪದ್ಧತಿ ತಂದ. ಎರಡೂ ಕಡೆ ವಿಶ್ವವಿದ್ಯಾಲಯದ ಕಾವ್ಯದ ಮೇಲೆ ಸಿಟ್ಟಿದ್ದವರೇ ಇದ್ದರು ಎನ್ನುವುದನ್ನು ಮರೆಯಬಾರದು. ಬೆಂಗಳೂರಿಗೆ ಇದು ಬರುವಾಗ ಆ ಸಿಟ್ಟನ್ನು ಕಸ್ಟಮ್ಸಿನಲ್ಲೇ ಬಿಟ್ಟು ಬಂತು. ಕಾಫಿಯ ಬೆಲೆ ನೋಡಿದರೇ ಗೊತ್ತಾಗುತ್ತದೆ, ಅಲ್ಲಿ ಯಾರು ಕೂರಬಹುದು ಅಂತ.

ಈಗ ದನಿಯ ವಿಷಯಕ್ಕೆ ಬರೋಣ.

ದಲಿತರಿಗೆ ದನಿ ಇರಲಿಲ್ಲ, ಈಗ ದನಿ ಬಂದಿದೆ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ‘ದನಿಯಿಲ್ಲದವರ ದನಿ’ ಎಂದು ಮುನ್ನುಡಿಗಳಲ್ಲಿ ಬರೆಯುತ್ತಾರೆ. ಇದು ಸುಳ್ಳು. ಇಡೀ ಊರಿನಲ್ಲಿ ಅತ್ಯಂತ ದೊಡ್ಡ ದನಿ ನಮ್ಮದೇ ಆಗಿತ್ತು. ಕಂದಾಯ ಕಟ್ಟುವ ಗಡುವು, ಕೆರೆಯ ತೂಬು ಎತ್ತುವ ದಿನ, ಮಾರಿಹಬ್ಬದ ಸಾರು, ಅಮಲ್ದಾರರು ಬರುವ ಸುದ್ದಿ, ಊರಿನಲ್ಲಾದ ಸಾವು, ಇವನ್ನೆಲ್ಲ ತಮಟೆ ಬಡಿದು ಬೀದಿಬೀದಿಯಲ್ಲಿ ಸಾರುತ್ತಿದ್ದವನು ತೋಟಿ, ಕುಳವಾಡಿ. ನನ್ನ ತಾತ ತೋಟಿ. ಅವನು ‘ಕೇಳ್ರಪ್ಪೋ ಕೇಳಿ’ ಅಂತ ಒಂದು ಕೂಗು ಹಾಕಿದರೆ ಅತ್ತ ಕೆರೆ ಏರಿಯ ತನಕ ಕೇಳುತ್ತಿತ್ತಂತೆ. ಹೊಟ್ಟೆಯಿಂದ ಉಸಿರೆತ್ತಿ, ಮಾತನ್ನು ಮುರಿದು ಮುರಿದು, ಒಂದು ತುಂಡಿಗೂ ಇನ್ನೊಂದು ತುಂಡಿಗೂ ನಡುವೆ ತಮಟೆಯ ಎರಡು ಪೆಟ್ಟು ಹಾಕಿ ಹೇಳುವ ಕ್ರಮ ಅದು. ಒಂದು ಕಲೆಯೇ. ಆದರೆ ಅದರೊಳಗಿನ ಒಂದು ಮಾತೂ ಅವನದಲ್ಲ. ಶಾನುಭೋಗರದು, ಪಟೇಲರದು, ಸರ್ಕಾರದ್ದು. ಸಾರುವವನು ಯಾವ ಬೀದಿಯಲ್ಲಿ ಎಷ್ಟು ದೂರ ನಿಂತು ಸಾರಬೇಕು ಎನ್ನುವುದಕ್ಕೂ ಗಡಿ ಇತ್ತು. ದನಿ ಒಳಗೆ ಹೋಗಬಹುದು, ಕಾಲು ಹೋಗುವಂತಿಲ್ಲ.

ಇದು ಬರೀ ವಾಡಿಕೆಯಲ್ಲ, ಹುದ್ದೆ. ತೋಟಿ, ತಳವಾರ, ನೀರುಗಂಟಿ ಇವೆಲ್ಲ ಅಪ್ಪನಿಂದ ಮಗನಿಗೆ ಬರುವ ಗ್ರಾಮ ಹುದ್ದೆಗಳು. ಅದಕ್ಕೆ ಪ್ರತಿಯಾಗಿ ಒಂದಿಷ್ಟು ಇನಾಮು ನೆಲ, ಸುಗ್ಗಿಯಲ್ಲಿ ಕಣದ ಮುಂದೆ ಕೈಯೊಡ್ಡಿ ನಿಂತರೆ ಒಂದಿಷ್ಟು ಕಾಳು. ಮಹಾರಾಷ್ಟ್ರದಲ್ಲಿ ಇದೇ ಮಹಾರ್ ವತನ. ಇದನ್ನು ಮುರಿಯದೆ ಬಿಡುಗಡೆ ಇಲ್ಲವೆಂದು ಅಂಬೇಡ್ಕರ್ 1928ರಲ್ಲೇ ಮುಂಬಯಿ ಪರಿಷತ್ತಿನಲ್ಲಿ ಮಸೂದೆ ತಂದಿದ್ದರು. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಕಾಯ್ದೆ ಬಂದ ಮೇಲೂ ತಾತ ಎಷ್ಟೋ ವರ್ಷ ಸಾರುತ್ತಲೇ ಇದ್ದ. ಹುದ್ದೆ ರದ್ದಾಯಿತು, ಕೆಲಸ ರದ್ದಾಗಲಿಲ್ಲ.

ನಾನು ಹೇಳಹೊರಟಿದ್ದು ಇಲ್ಲಿ ಕನ್ನಡ ವಿಮರ್ಶೆಗೆ ತಾಗುತ್ತದೆ. ಎಪ್ಪತ್ತರ ದಶಕದಲ್ಲಿ ದಲಿತ ಕಾವ್ಯ ಬಂದಾಗ ನವ್ಯದ ಕಿವಿಗಳು ತೆಗೆದ ದೊಡ್ಡ ತಕರಾರೆಂದರೆ ಇದು ಕಾವ್ಯವಲ್ಲ, ಘೋಷಣೆ ಎನ್ನುವುದು. ಅಬ್ಬರ ಜಾಸ್ತಿ, ಧ್ವನಿ ಕಡಿಮೆ, ವಾಚ್ಯವಾಯಿತು. 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಹೆಚ್ಚು ಎಂಬರ್ಥದ ಒಂದು ಮಾತಾಡಿದ್ದಕ್ಕೆ ಬೀದಿಬೀದಿಯಲ್ಲಿ ದಲಿತ ವಿದ್ಯಾರ್ಥಿಗಳಿಗೆ ಹೊಡೆದು, ಮಂತ್ರಿಗಿರಿ ಬಿಡಿಸುವ ತನಕ ಅಬ್ಬರಿಸಿದವರ ಅಬ್ಬರ ಯಾರ ಕಾವ್ಯಮೀಮಾಂಸೆಗೂ ಕೇಳಿಸಲಿಲ್ಲ, ಅದಿರಲಿ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಆ ತಕರಾರು ಮತ್ತೆ ಮತ್ತೆ ಬಂತು. ಘೋಷಣೆ ಎಂದರೇನು? ಸಾರುವುದು. ಸಾರುವುದು ಯಾರ ಕಸುಬು? ನಮ್ಮ ಕಸುಬು. ತಲೆತಲೆಮಾರು ನಿಮ್ಮ ಅಪ್ಪಣೆಗಳನ್ನು ನಾವು ಸಾರಿದಾಗ ಗದ್ದಲ ಅನ್ನಿಸಲಿಲ್ಲ; ನಮ್ಮ ಮಾತನ್ನು ಅದೇ ದನಿಯಲ್ಲಿ ಸಾರಿದ ಮೊದಲನೇ ದಿನ ಅದು ಘೋಷಣೆ ಆಯಿತು. ದಲಿತ ಕಾವ್ಯದ ‘ಏರುದನಿ’ಯನ್ನು ಬರೀ ಸಿಟ್ಟಿನಿಂದ ವಿವರಿಸಿದರೆ ಸಾಲದು. ಅದಕ್ಕೊಂದು ಕಸುಬಿನ ಪರಂಪರೆ ಇದೆ, ಉಸಿರಿನ ಲೆಕ್ಕ ಇದೆ, ಎಷ್ಟು ದೂರಕ್ಕೆ ಕೇಳಿಸಬೇಕು ಎನ್ನುವ ಅಳತೆ ಇದೆ. ಮೈಕಿಲ್ಲದ ಕೇರಿಗಳಲ್ಲಿ, ಲಾಂದ್ರದ ಬೆಳಕಿನಲ್ಲಿ, ದಸಂಸದ ಸಭೆಗಳಲ್ಲಿ ಹುಟ್ಟಿದ ಪದ್ಯಗಳನ್ನು ಓದುಕೋಣೆಯಲ್ಲಿ ಕೂತು ಪಿಸುಮಾತಿನ ಅಳತೆಯಿಂದ ಅಳೆಯುವುದು, ಹಗ್ಗ ಹಿಡಿದು ಭತ್ತ ತೂಗಿದ ಹಾಗೆ.

ಮೈಸೂರಿನ ಜನ್ನಿ, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಮುಂತಾದವರ ಕೊರಳಿನಿಂದ ಕವಿತೆ ಕಲಿತವರು ನಾವು. ನಮ್ಮ ಪಾಲಿಗೆ ಕವಿತೆ ಮೊದಲು ಕೊರಳು, ಆಮೇಲೆ ಪುಸ್ತಕ. ಆದರೂ ಈ ಕೊರಳುಗಳ ಬಗ್ಗೆ ಬಂದಿರುವ ವಿಮರ್ಶೆ ಎಷ್ಟು ಹೇಳಿ? ಪುಟಕ್ಕೆ ವಿಮರ್ಶೆ ಇದೆ, ದನಿಗೆ ಇಲ್ಲ.

ನಮ್ಮೂರಿನ ಸಂಜೆಯ ವಿಷಯ ಹೇಳುತ್ತೇನೆ. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಮೂರು ನಾಲ್ಕು ಸಲ ನಾನು ಹೀಗೆ ಓದಿದ್ದೆ. ಅಲ್ಲಿ ನನ್ನನ್ನು ಯಾರೂ ಅರಿಯರು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಬಂದು ‘ನಿಮ್ಮದು ಯಾವ ಕಡೆ ಸಾರ್? ಅಂದ್ರೆ ಮನೆದೇವರು ಯಾವುದು?’ ಅಂತ ಕೇಳುವ ತನಕ ನಾನು ಬರೀ ಒಬ್ಬ ಕವಿ. ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ. ಒಬ್ಬ ಹೆಣ್ಣುಮಗಳು ಕೈ ಹಿಡಿದುಕೊಂಡು ‘ಹೀಗೆಲ್ಲಾ ಈಗಲೂ ಇದೆಯಾ?’ ಎಂದು ಕೇಳಿದರು. ಒಳ್ಳೆಯ ಮನಸ್ಸಿನವರು, ತಮಾಷೆ ಮಾಡುತ್ತಿಲ್ಲ. ಆದರೆ ನನ್ನ ಕೇರಿಯ ನೋವು ಅಲ್ಲಿ ಕಾಫಿಯ ಜೊತೆಗೆ ಬರುವ ತಿಂಡಿಯ ಹಾಗೆ ಮುಗಿದುಹೋಗುತ್ತಿತ್ತು. ನಾನು ಏನು ಹೇಳಿದರೂ ಅದು ನಿಜವೇ, ಯಾಕೆಂದರೆ ಅದನ್ನು ಸುಳ್ಳು ಎನ್ನಬಲ್ಲವರು ಯಾರೂ ಅಲ್ಲಿ ಇರಲಿಲ್ಲ.

ಸ್ವಂತ ಊರಿನಲ್ಲಿ ಎಲ್ಲರೂ ಬಲ್ಲವರೇ. ಒಂದು ಹೋಟೆಲಿನ ಮಹಡಿಯ ಹಜಾರ, ಪ್ಲಾಸ್ಟಿಕ್ ಕುರ್ಚಿ, ಒಂದು ನಲವತ್ತು ಐವತ್ತು ಜನ. ಅದರಲ್ಲಿ ನನಗೆ ಏಳನೇ ತರಗತಿಯಲ್ಲಿ ಪಾಠ ಹೇಳಿದ ಮೇಷ್ಟ್ರು, ಔಷಧಿ ಅಂಗಡಿಯವರು, ನನ್ನ ಅವ್ವ ನಾಟಿಗೆ ಹೋಗುವ ಗದ್ದೆಯ ಯಜಮಾನರ ಮಗ, ನಮ್ಮ ಕೇರಿಯ ಹತ್ತು ಹನ್ನೆರಡು ಹುಡುಗರು. ಕುರ್ಚಿಯಲ್ಲಿ ಯಾರೂ ಯಾರಿಗೂ ಜಾಗ ಹೇಳಿರಲಿಲ್ಲ; ಆದರೂ ಕೇರಿಯವರು ಹಿಂದಿನ ಎರಡು ಸಾಲಿನಲ್ಲಿ ಕೂತಿದ್ದರು. ನಿರೂಪಕ ಹುಡುಗ ಒಳ್ಳೆಯವನು, ಪಾಪ. ಒಬ್ಬೊಬ್ಬರನ್ನು ಕರೆಯುವಾಗ ಇಂಥವರ ಮಗ, ಇಂಥ ಕಾಲೇಜಿನ ವಿದ್ಯಾರ್ಥಿ, ಒಳ್ಳೆ ಗಾಯಕ ಎಂದು ಹೇಳಿ ಕರೆಯುತ್ತಿದ್ದ. ನನ್ನನ್ನು ಕರೆಯುವಾಗ ‘ನಮ್ಮ ಅಂಬೇಡ್ಕರ್ ನಗರದ ಪ್ರತಿಭೆ’ ಎಂದ. ನಮ್ಮ ಕಡೆಯ ಊರುಗಳಲ್ಲಿ ಬಡಾವಣೆಯ ಹೆಸರು ಹೇಳಿದರೆ ಜಾತಿ ಹೇಳಿದ ಹಾಗೇ. ಅವನಿಗೆ ಅದು ಗೌರವದ ಮಾತು. ಉಳಿದವರು ಪ್ರತಿಭೆಗಳು, ನಾವು ನಗರದ ಪ್ರತಿಭೆಗಳು.

ನನಗಿಂತ ಮುಂಚೆ ಒಬ್ಬ ನಗೆಮಾತಿನ ಹುಡುಗ ಬಂದ. ಈಗ ಸ್ಟ್ಯಾಂಡಪ್ ಅನ್ನುತ್ತಾರಲ್ಲ, ಅದು. ಟ್ರಾಫಿಕ್ಕು, ಅಪ್ಪ ಅಮ್ಮ, ಹೆಣ್ಣು ನೋಡುವ ಶಾಸ್ತ್ರ ಎಲ್ಲ ಆಗಿ ರಿಸರ್ವೇಶನ್ನಿಗೆ ಬಂದ. ಮೂವತ್ತು ಮಾರ್ಕ್ಸ್ ತೆಗೆದವನು ಡಾಕ್ಟರಾಗಿ ಎಡಗಾಲಿನ ಬದಲು ಬಲಗಾಲು ಕೊಯ್ದ ಎಂಬ ಹಳೇ ಜೋಕು. ಮುಂದಿನ ಸಾಲುಗಳು ನಕ್ಕವು. ಹಿಂದಿನ ಎರಡು ಸಾಲುಗಳಲ್ಲೂ ಒಂದಿಬ್ಬರು ನಕ್ಕರು, ಅದನ್ನು ಹೇಳದೆ ಬಿಡಬಾರದು. ನಗದೆ ಕೂತರೆ ಗುರುತು ಹತ್ತುತ್ತದೆ ಎನ್ನುವ ಭಯದ ನಗು ಅದು. ಶಾಲೆಯಲ್ಲಿ ಸ್ಕಾಲರ್‌ಷಿಪ್ ಪಟ್ಟಿ ಓದುವಾಗ ನಾವೆಲ್ಲ ನಕ್ಕಿರುವ ನಗು. ಮುಕ್ತ ವೇದಿಕೆ ಎನ್ನುವುದರ ವ್ಯಾಕರಣ ಇಲ್ಲಿ ತಿಳಿಯುತ್ತದೆ. ಅವನು ಹೇಳಿದ್ದು ‘ಜೋಕು’. ನಾನು ಹೇಳಿದರೆ ‘ಜಾತಿ ರಾಜಕೀಯ’. ಇಬ್ಬರಿಗೂ ಐದೈದು ನಿಮಿಷ.

ಅವನಿಗೆ ಉತ್ತರ ಕೊಟ್ಟವನು ನಾನಲ್ಲ. ನನ್ನ ಜೊತೆ ಬಂದಿದ್ದ, ಅರವತ್ತು ದಾಟಿದ ನಮ್ಮ ಕೇರಿಯ ತಮಟೆಯ ದೊಡ್ಡಪ್ಪ. ತಮಟೆ ಎಂದರೆ ಅಂಗಡಿಯಲ್ಲಿ ಕೊಂಡು ತಿರುಪು ಬಿಗಿದು ಬಾರಿಸುವ ಫೈಬರ್ ತಮಟೆಯಲ್ಲ, ಚರ್ಮದ್ದು. ಅದನ್ನು ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸಬೇಕು. ಕಾದರೆ ಚರ್ಮ ಬಿಗಿದು ಖಣ್ ಅನ್ನುತ್ತದೆ, ಇಲ್ಲದಿದ್ದರೆ ದೊಬ್ ಅನ್ನುತ್ತದೆ. ಹಜಾರದಲ್ಲಿ ಬೆಂಕಿ ಹಾಕುವಂತಿಲ್ಲ, ಹೊಗೆಯಾಗುತ್ತದೆ ಎಂದು ಮೊದಲೇ ಹೇಳಿದ್ದರು. ದೊಡ್ಡಪ್ಪನ ಹೆಸರು ಕರೆದಾಗ ಅವನು ಮೈಕಿನ ಮುಂದೆ ಬಂದು, ‘ನಗಾಡದು ಮುಗೀತಾ? ಸರಿ, ಇದ ಕಾಯಿಸ್ಕ ಬತ್ತೀನಿ, ತಡೀರಿ’ ಅಂತ ಹೇಳಿ ಮೆಟ್ಟಿಲಿಳಿದು ಹೊರಟೇಬಿಟ್ಟ. ಕೆಳಗೆ ಹೋಟೆಲಿನ ಹಿತ್ತಲಲ್ಲಿ ತೆಂಗಿನ ಗರಿ, ಹಳೇ ಪೇಪರು ಹಾಕಿ ಕಾಯಿಸಿಕೊಂಡು ಬರುವ ತನಕ ಎಲ್ಲರೂ ಸುಮ್ಮನೆ ಕೂತಿದ್ದರು. ಅವನ ಐದು ನಿಮಿಷದಲ್ಲಿ ಮೂರು ನಿಮಿಷ ಹಾಗೇ ಹೋಯಿತು. ಊರಿನವರು ತಮಟೆಗಾಗಿ ಕಾಯ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ತಮಟೆಯವನು ಊರಿಗಾಗಿ ಕಾಯುವುದೇ ಇಲ್ಲಿಯ ತನಕದ ಪದ್ಧತಿ. ಉಳಿದ ಎರಡು ನಿಮಿಷ ಬಾರಿಸಿದ. ಮೈಕಿನವನು ದೂರ ನಿಂತ್ಕೊ, ದೂರ ನಿಂತ್ಕೊ ಎಂದು ಕೈ ಮಾಡುತ್ತಲೇ ಇದ್ದ. ಮೈಕು ಕಿರ್ ಎಂದು ಕೂಗಿ ಸುಮ್ಮನಾಯಿತು. ಮೈಕಿಲ್ಲದೆಯೇ ಕೆಳಗಿನ ಬಸ್‌ಸ್ಟ್ಯಾಂಡಿನ ತನಕ ಕೇಳಿತಂತೆ.

ತಮಟೆಯ ವಿಷಯದಲ್ಲಿ ನಮ್ಮೊಳಗೇ ಎರಡು ಅಭಿಪ್ರಾಯ ಇವೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಚಳವಳಿ ಬಂದ ಎಷ್ಟೋ ಊರುಗಳಲ್ಲಿ ಸತ್ತ ದನ ಹೊರುವುದಿಲ್ಲ, ಸಾವಿಗೆ ತಮಟೆ ಬಡಿಯುವುದಿಲ್ಲ ಎಂದು ನಮ್ಮವರು ನಿಂತರು. ಅದಕ್ಕಾಗಿ ಬಹಿಷ್ಕಾರ ಅನುಭವಿಸಿದರು. ಅವರ ಕಣ್ಣಿಗೆ ವೇದಿಕೆಯ ಮೇಲಿನ ತಮಟೆ ಹಳೆಯ ಗುಲಾಮಗಿರಿಗೆ ಜರಿ ಅಂಚು ಹೊಲಿದ ಹಾಗೆ ಕಾಣುತ್ತದೆ. ಅದೇ ಚಳವಳಿಯ ಮೆರವಣಿಗೆಯ ಮುಂದೆ ತಮಟೆಯೇ ಇತ್ತು ಎನ್ನುವುದೂ ನಿಜ. ತಮಿಳುನಾಡಿನಲ್ಲಿ ಪರೈ ವಾದ್ಯಕ್ಕೂ ಇದೇ ಚರಿತ್ರೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ವಾದ್ಯಕ್ಕೆ ಪದ್ಮಶ್ರೀ ಬಂದ ದೇಶದಲ್ಲಿ ಆ ವಾದ್ಯದ ಚರ್ಮ ಸುಲಿಯುವವನು ಜೀವಕ್ಕೆ ಹೆದರಿ ಓಡಾಡಬೇಕಾಗಿದೆ. ನನ್ನ ನಿಲುವು ಇಷ್ಟು: ಯಾರ ಅಪ್ಪಣೆಯ ಮೇಲೆ ಬಾರಿಸುತ್ತೇವೆ ಎಂಬುದು ವಾದ್ಯಕ್ಕಿಂತ ಮುಖ್ಯ. ದೊಡ್ಡಪ್ಪ ಅವತ್ತು ಕಾಯಿಸಲು ಹೋದದ್ದು ತನ್ನ ಅಪ್ಪಣೆಯ ಮೇಲೆ.

ಐದು ನಿಮಿಷದ ಬಗ್ಗೆಯೂ ಹೇಳಬೇಕು. ನಮ್ಮ ಭಾಗದ ನೀಲಗಾರರು ಮಂಟೇಸ್ವಾಮಿ ಕತೆಯನ್ನು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಒಂದು ರಾತ್ರಿಗೆ ಮುಗಿಯುವುದೂ ಇಲ್ಲ. ಆ ಕತೆಯಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುತ್ತಾನೆ. ಕಲ್ಯಾಣ ಅಂದರೆ ಯಾರು ಬಂದರೂ ಒಳಗೆ ಬಿಡುವ ಶರಣರ ಪಟ್ಟಣ. ಅಲ್ಲಿಯೂ ಅವನ ಕೊಳಕು ರೂಪ ನೋಡಿ ಬಾಗಿಲಲ್ಲಿ ತಡೆಯುತ್ತಾರೆ. ಮುಕ್ತ ಎಂದು ಹೆಸರಾದ ಬಾಗಿಲನ್ನು ಪರೀಕ್ಷೆ ಮಾಡುವುದಕ್ಕೇ ಅವನು ಹಾಗೆ ಬಂದದ್ದು. ಓಪನ್ ಮೈಕಿನ ಮೇಲೆ ಇದಕ್ಕಿಂತ ದೊಡ್ಡ ವಿಮರ್ಶೆ ಯಾರು ಬರೆದಾರು? ಆದರೆ ಅದನ್ನು ಐದು ನಿಮಿಷದಲ್ಲಿ ಹಾಡಲು ಬರುವುದಿಲ್ಲ. ಗಣಪತಿಗೋ ಗುರುವಿಗೋ ಕೈ ಮುಗಿದು ಪದ ಎತ್ತಿಕೊಳ್ಳುವುದಕ್ಕೇ ಹತ್ತು ನಿಮಿಷ ಬೇಕು. ಸಮಾನ ಸಮಯ ಎನ್ನುವುದು ನ್ಯಾಯದ ಹಾಗೆ ಕಾಣುವ ಅಳತೆ. ಚಿಕ್ಕ ಕವಿತೆ, ಗಿಟಾರಿನ ಹಾಡು, ನಗೆಮಾತು ಇವುಗಳ ಅಳತೆಗೆ ಹೊಲಿದ ಅಂಗಿಯನ್ನು ಎಲ್ಲರಿಗೂ ತೊಡಿಸುವುದು. ಹೊಸ ಹುಡುಗರು ಇದಕ್ಕೆ ಬೇರೆ ದಾರಿ ಕಂಡುಕೊಂಡಿದ್ದಾರೆ. ಪಾ. ರಂಜಿತ್ ಕಟ್ಟಿಸಿದ ಕಾಸ್ಟ್‌ಲೆಸ್ ಕಲೆಕ್ಟಿವ್ ತಂಡ 2018ರ ಜನವರಿಯಲ್ಲಿ ಚೆನ್ನೈನಲ್ಲಿ ಗಾನಾ ಹಾಡು, ಪರೈ, ರ‍್ಯಾಪ್ ಮೂರನ್ನೂ ಬೆಸೆಯಿತು. ನಮ್ಮ ಕೇರಿಯ ಹುಡುಗರು ಅದನ್ನು ಮೊಬೈಲಿನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಾರೆ. ಅವರ ರ‍್ಯಾಪಿನಲ್ಲಿ ನನಗೆ ಕೇಳಿಸುವುದು ಅಮೆರಿಕವಲ್ಲ. ಮಾತನ್ನು ಮುರಿದು, ನಡುವೆ ಎರಡು ಪೆಟ್ಟು ಹಾಕುವ ನನ್ನ ತಾತ.

ಇನ್ನು ನಾನು ಓದಿದ ಪದ್ಯ. ತೋಟಿ ಸಾರುವ ಧಾಟಿಯಲ್ಲಿ ಬರೆದದ್ದು. ಸಾರುವ ಸಂಗತಿ ಮಾತ್ರ ನಮ್ಮದು. ನಮ್ಮ ತೋಟಿ ಇನಾಮು ನೆಲ ಹೇಗೆ ಕೈಬಿಟ್ಟಿತು, ಊರ ಬಾವಿಯಿಂದ ಅವ್ವನ ಬಿಂದಿಗೆ ಹೇಗೆ ಹೊರಗೆ ಬಂತು ಎಂಬುದು. ಬೆಂಗಳೂರಿನಲ್ಲಾದರೆ ‘ಊರಗೌಡ’ ಎಂದರೆ ಒಂದು ಸಂಕೇತ. ಇಲ್ಲಿ ಸಂಕೇತ ಎನ್ನುವುದು ಬದುಕುವುದೇ ಇಲ್ಲ. ಎರಡನೇ ಸಾಲಿನಲ್ಲಿ ಮೀಸೆ ತಿರುವುತ್ತಾ ಕೂತಿರುತ್ತದೆ. ಹಾಗಾಗಿ ಓದುವ ಮುಂಚೆ ಎರಡು ರಾತ್ರಿ ಅವ್ವನ ಮುಂದೆ ಕೂತು ಓದಿ ಹೇಳಿದ್ದೆ. ಅವಳ ಮಾತು ಇದು: ‘ನೀ ಓದ್ಬುಟ್ಟು ಮೈಸೂರ್ ಬಸ್ ಹತ್ಕತಿಯ. ನಾನು ನಾಳಕ ಅವರ ಗದ್ದಗೇ ಇಳೀಬೇಕು ಕಪ್ಪ. ಓದು, ಬ್ಯಾಡ ಅನ್ನಕಿಲ್ಲ. ಆದ್ರ ನನ್ನ ಅಳಿಸಬ್ಯಾಡ ಅದ್ರಲ್ಲಿ. ನಾ ಅವತ್ತು ಅತ್ತಿಲ್ಲ, ಬೋದಿವ್ನಿ.’ ಪದ್ಯದಲ್ಲಿ ಅವ್ವ ಅಳುವ ಸಾಲು ಇತ್ತು. ಅವಳು ಬೈದ ಬೈಗುಳವನ್ನೇ ಕೇಳಿ ಬರೆದುಕೊಂಡೆ. ಪದ್ಯ ಅದರಿಂದ ಎಷ್ಟು ಎತ್ತರವಾಯಿತು ಎಂದರೆ, ಸಾಹಿತ್ಯದ ಎಂ.ಎ. ತರಗತಿಯಲ್ಲಿ ಎರಡು ವರ್ಷ ಕೂತರೂ ಆ ಸಲಹೆ ನನಗೆ ಸಿಕ್ಕುತ್ತಿರಲಿಲ್ಲ. ದಲಿತ ಬರವಣಿಗೆಯಲ್ಲಿ ಹೆಂಗಸರು ಯಾಕಿಷ್ಟು ಅಳುತ್ತಾರೆ, ಅಳಿಸುವವರು ಯಾರು, ಇದನ್ನು ನಮ್ಮ ವಿಮರ್ಶಕರು ನಮ್ಮನ್ನೇ ಕೇಳಬೇಕು.

ಓದಿದೆ. ಊರಿನವರು ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಮೇಷ್ಟ್ರು ಎದ್ದು ನಿಂತು, ‘ಅದು ದೇವಸ್ಥಾನದ ಬಾವಿ ಅಲ್ಲಪ್ಪ, ಚಾವಡಿ ಹಿಂದಿನ ಬಾವಿ’ ಎಂದರು. ಹಿಂದಿನ ಸಾಲಿನಿಂದ ಒಬ್ಬಾಕೆ, ‘ಇಲ್ಲ ಸಾ, ಎರಡರಲ್ಲೂ ಬುಡ್ತಿರನಿಲ್ಲ’ ಅಂದಳು. ಒಂದು ಐದು ನಿಮಿಷ ಅದೇ ಚರ್ಚೆ. ಯಾವ ಬಾವಿ, ಯಾವ ವರ್ಷ, ಯಾರು ಹಗ್ಗ ಕಿತ್ತುಕೊಂಡದ್ದು. ಕವಿತೆಯನ್ನು ಎಲ್ಲರೂ ಮರೆತರು. ಬೆಂಗಳೂರಿನ ಎಲ್ಲ ಚಪ್ಪಾಳೆಗಳನ್ನೂ ಈ ಐದು ನಿಮಿಷಕ್ಕೆ ಸುಳಿದು ಹಾಕಬಹುದು ಎಂದು ನನಗೆ ಅನ್ನಿಸುತ್ತದೆ. ನಲವತ್ತು ವರ್ಷದಿಂದ ಇಬ್ಬರಿಗೂ ಗೊತ್ತಿದ್ದು, ಇಬ್ಬರೂ ಆಡದೆ ಇದ್ದ ಸಂಗತಿ ಒಂದೇ ಚಾವಣಿಯ ಕೆಳಗೆ ಬಾಯಿಗೆ ಬಂತು. ಯಜಮಾನರ ಮಗ ಮಾತ್ರ ಮೊಬೈಲು ನೋಡಿಕೊಂಡು ಕೂತಿದ್ದ.

ಮಾರನೆಯ ದಿನ ಚಹಾದಂಗಡಿಯಲ್ಲಿ ಯಜಮಾನರೇ ಸಿಕ್ಕರು. ‘ಏನಪ್ಪ, ರಾತ್ರಿ ನಮ್ಮನ್ನೇ ಬೈದ್ಯಂತೆ. ಚೆನ್ನಾಗಿತ್ತಂತೆ’ ಎಂದು ನಕ್ಕರು. ಬೆನ್ನು ತಟ್ಟಿದರು. ಆ ವಾರ ಅವ್ವನಿಗೆ ಆ ಗದ್ದೆಯಿಂದ ಕರೆ ಬರಲಿಲ್ಲ. ಈ ಸಲ ಆಳು ಹೆಚ್ಚಾಗಿದ್ದಾರೆ ಎಂದು ಹೇಳಿ ಕಳಿಸಿದರು. ಹೆಚ್ಚಾಗಿರಲೂಬಹುದು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವೂ ಅಪರಾಧ ಎಂದು ಸೇರಿದೆ. ಆದರೆ ಬಾರದೆ ಇದ್ದ ಒಂದು ಕರೆಯನ್ನು ಯಾವ ಠಾಣೆಯಲ್ಲಿ ಬರೆಸುವುದು? ಅವ್ವ ಆರು ದಿನ ಮೂರು ಮೈಲಿ ಆಚೆಯ ಊರಿಗೆ ಅರಿಶಿನ ಕೀಳಲು ಹೋದಳು. ಆರು ದಿನದ ಆಟೋ ಬಾಡಿಗೆ ಆ ಪದ್ಯದ ಬೆಲೆ. ಕವಿತೆಯ ಮೌಲ್ಯ ಎನ್ನುವ ಮಾತನ್ನು ವಿಮರ್ಶೆಯಲ್ಲಿ ಬಳಸುತ್ತೇವಲ್ಲ, ಮೌಲ್ಯ ಕಟ್ಟುವವರು ಈ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಲಿ. ಒಂದು ಕವಿತೆಯನ್ನು ಯಾರ ಮುಂದೆ ಓದಲಾಯಿತು, ಓದಿದ ಮಾರನೆ ದಿನ ಯಾರು ಊರಿನಲ್ಲಿ ಉಳಿದರು, ಅವರಿಗೆ ಏನಾಯಿತು, ಇವೂ ಪಠ್ಯದ ಭಾಗಗಳೇ.

ಹಾಗಾದರೆ ಇಂಥ ವೇದಿಕೆ ಬೇಡವೇ? ಕೆಲವು ಸಂಗಾತಿಗಳು ಬೇಡ ಎನ್ನುತ್ತಾರೆ. ನಮ್ಮದೇ ವೇದಿಕೆ ಕಟ್ಟಿಕೊಳ್ಳೋಣ ಎನ್ನುವ ಅವರ ಮಾತಿಗೆ ಇತಿಹಾಸದ ಬೆಂಬಲವಿದೆ. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೊಡದೆ ಹೋದಾಗ, 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನವೇ ನಡೆಯಿತು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತವರ ಸಂಗಾತಿಗಳು ಕಟ್ಟಿದ ಆದಿಮ, ಹುಣ್ಣಿಮೆ ಹಾಡು ಎಂದು ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡಿಸಿದೆ. ಅಲ್ಲಿ ಬೆಂಕಿ ಹಾಕಲು ಯಾರ ಅಪ್ಪಣೆಯೂ ಬೇಡ. ಮರಾಠಿಯ ಅಂಬೇಡ್ಕರಿ ಜಲಸಾಗಳು, ವಾಮನದಾದಾ ಕರ್ಡಕರ ಹಾಡುಗಳು ನಮ್ಮದೇ ಅಂಗಳದಲ್ಲಿ ಬೆಳೆದು ಆಮೇಲೆ ಲೋಕಕ್ಕೆ ಹೋದಂಥವು. ಇವೆಲ್ಲ ಬೇಕು. ಆದರೆ ಕೇರಿಯ ಅಂಗಳದಲ್ಲಿ ಹಾಡಿದರೆ ಚಾವಡಿ ಹಿಂದಿನ ಬಾವಿಯ ಮಾತು ಬರುವುದಿಲ್ಲ. ಅದು ಬರಬೇಕಾದರೆ ಮೇಷ್ಟ್ರು ಕೂತಿರಬೇಕು, ಹಿಂದಿನ ಸಾಲಿನ ಆಕೆಯೂ ಕೂತಿರಬೇಕು. ಹಾಗಾಗಿ ನಾನು ಎರಡೂ ಬೇಕು ಎನ್ನುವ ಗುಂಪಿನವನು. ಮಹಾಡದಲ್ಲಿ ಅಂಬೇಡ್ಕರ್ ನಮಗೊಂದು ಬೇರೆ ಕೆರೆ ತೋಡೋಣ ಎಂದು ಹೇಳಲಿಲ್ಲ.

ಆ ಹುಡುಗರ ಜೊತೆ ಕೂತು ನಾವು ನಾಲ್ವರು ಮಾತಾಡಿದ್ದೇವೆ. ಮೂರು ಸಂಗತಿ ಕೇಳಿದ್ದೇವೆ: ಕರೆಯುವಾಗ ಎಲ್ಲರನ್ನೂ ಬರೀ ಹೆಸರು ಹಿಡಿದು ಕರೆಯುವುದು, ನೀಲಗಾರರಿಗೆ, ತಂಬೂರಿಯವರಿಗೆ ಗಡಿಯಾರ ಹಿಡಿಯದೆ ಇರುವುದು, ಮೂರು ತಿಂಗಳಿಗೊಮ್ಮೆ ಹೋಟೆಲ್ ಮಹಡಿ ಬಿಟ್ಟು ನಮ್ಮ ಅಂಬೇಡ್ಕರ್ ಭವನದ ಮುಂದೆ ನಡೆಸುವುದು. ಮೊದಲನೆಯದಕ್ಕೆ ಕೂಡಲೇ ಒಪ್ಪಿದರು. ಎರಡನೆಯದಕ್ಕೆ, ಕೊನೆಯ ಸರದಿ ಕೊಡ್ತೀವಿ, ಎಷ್ಟು ಹೊತ್ತಾದರೂ ಹಾಡಲಿ ಎಂದರು. ಕೊನೆಯ ಬಸ್ಸು ಒಂಬತ್ತೂವರೆಗೆ ಎಂದು ದೊಡ್ಡಪ್ಪ ನೆನಪು ಮಾಡಿಕೊಟ್ಟ. ಮೂರನೆಯದಕ್ಕೆ ಒಬ್ಬ ಹುಡುಗ, ‘ಅಲ್ಲಿಗೆ ನಮ್ಮ ಕಡೆಯೋರು ಬರ್ತಾರಾ ಅಣ್ಣ?’ ಎಂದು ಕೇಳಿದ. ಪ್ರಾಮಾಣಿಕವಾದ ಪ್ರಶ್ನೆ. ಪುಸ್ತಕ ಭವನದ ಬಾಗಿಲಲ್ಲಿ ಇಟ್ಟಿರುತ್ತೇವೆ, ಹೆಸರು ಬರೆಸಲಿ ಎಂದು ಹೇಳಿ ಬಂದಿದ್ದೇವೆ.